ಅರ್ಧ ಮರಕ್ಕೆ ಹೂ, ಅರ್ಧ ಮರಕ್ಕೆ ಕೆಂಪು ಚಿಗುರು

ಪ್ರಶ್ನೆ: ನಮ್ಮ ಮನೆ ಉಡುಪಿಯ ಕಟಪಾಡಿ ಹತ್ತಿರ. ಹಿತ್ತಿಲಲ್ಲಿ 22 ವರ್ಷದ ಒಂದು ಮುಂಡಪ್ಪ ಮಾವಿನ ಮರ ಇದೆ. ಮೊದಲೆಲ್ಲ ಕ್ರಿಸ್‌ಮಸ್ ಹೊತ್ತಿಗೆ ಮರ ಪೂರ್ತಿ ಹೂ ಬಿಡುತ್ತಿತ್ತು. ಹೋದ ವರ್ಷ ಪಡು ಬದಿಯಲ್ಲಿ ಕಾಯಿ ಜೋರಾಗಿತ್ತು, ಮೂಡು ಬದಿಯಲ್ಲಿ ಕಮ್ಮಿ. ಈ ಸಲ ದೀಪಾವಳಿ ಕಳೆದ ಮೇಲೂ ಮಳೆ ಬಂತು. ಈಗ ಜನವರಿ, ಮೂಡು ಬದಿಯ ಗೆಲ್ಲುಗಳಲ್ಲಿ ಮಾತ್ರ ಹೂ ಬಂದಿದೆ, ಪಡು ಬದಿಯಲ್ಲಿ ಒಂದು ಹೂವೂ ಇಲ್ಲ, ಬರೀ ಕೆಂಪು ಚಿಗುರು. ಆ ಬದಿಯಲ್ಲೇ ನಮ್ಮ ಮಲ್ಲಿಗೆ ಗಿಡಗಳಿವೆ, ಬಚ್ಚಲ ನೀರೂ ಅಲ್ಲಿಗೇ ಹೋಗುತ್ತದೆ. ನೆರೆಮನೆಯವರು ಇದು ವಾಸ್ತು ದೋಷ ಅಂತಾರೆ. ಕಾಂಡಕ್ಕೆ ಮೊಳೆ ಹೊಡೆಯಿರಿ ಅಂತ ಒಬ್ಬರು, ಹೂ ಬರಿಸುವ ಕಲ್ಟಾರ್ ಮದ್ದು ಹಾಕಿ ಅಂತ ಅಂಗಡಿಯವರು. ಇನ್ನೊಂದು ಲಿಚಿ ಗಿಡ, ನೆಟ್ಟು 9 ವರ್ಷವಾಯಿತು, ಮಾಡಿನಷ್ಟು ಎತ್ತರ ಬೆಳೆದಿದೆ, ಒಂದೇ ಒಂದು ಹೂ ನೋಡಿಲ್ಲ. ಅಳಿಯ ಯಾವುದೋ ವಿಡಿಯೋ ನೋಡಿ ಮಲ್ಪೆಯ ಮೀನು ಬಂದರಿನಿಂದ ಐಸ್ ತಂದು ಅದರ ಬುಡಕ್ಕೆ ಸುರಿದ. ಏನೂ ಆಗಲಿಲ್ಲ. ಇದೆಲ್ಲ ಹವಾಮಾನ ಬದಲಾಗಿದ್ದಕ್ಕಾ? ಎರಡನ್ನೂ ಕಡಿದು ಹಾಕುವುದೇ ಒಳ್ಳೆಯದಾ?

ಉತ್ತರ: ಅಕ್ಕ, ಮೊದಲು ಕತ್ತಿ ಕೆಳಗಿಡಿ. ಮಾವಿನ ಮರಕ್ಕೆ ರೋಗ ಇಲ್ಲ, ದೋಷವೂ ಇಲ್ಲ. ಲಿಚಿಯ ವಿಷಯ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ. ಮೂಡು, ಪಡು, ಬಚ್ಚಲ ನೀರು, ಮಲ್ಲಿಗೆ, ಹೋದ ವರ್ಷದ ಕಾಯಿ ಅಂತ ಒಂದೂ ಬಿಡದೆ ಬರೆದಿದ್ದೀರಿ. ಅರ್ಧ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ.

ನಿಮ್ಮ ಚಿಂತೆ ಏನು ಅಂತ ನನಗೆ ಅರ್ಥವಾದಷ್ಟು ಹೇಳುತ್ತೇನೆ. ಮರ ಚೆನ್ನಾಗಿ ಬೆಳೆಯುತ್ತಿದೆ, ಚಿಗುರುತ್ತಿದೆ, ಆದರೆ ಹೂ ಬಿಡಬೇಕಾದ ಹೊತ್ತಲ್ಲಿ ಎಲೆ ಬಿಡುತ್ತಿದೆ. ಮರದ ತಲೆ ಕೆಟ್ಟಿದೆಯಾ ಅಂತ ಅನುಮಾನ. ಇಲ್ಲ, ಮರ ತನ್ನ ಲೆಕ್ಕದಲ್ಲಿ ಸರಿಯಾಗಿಯೇ ಇದೆ. ಮರಕ್ಕೆ ಡಿಸೆಂಬರ್ ಗೊತ್ತಿಲ್ಲ, ಕ್ರಿಸ್‌ಮಸ್ಸೂ ಗೊತ್ತಿಲ್ಲ. ಹಗಲು ಉದ್ದವಾಯಿತು, ಗಿಡ್ಡವಾಯಿತು ಅನ್ನುವುದನ್ನು ನೋಡಿ ಕಾಲ ತಿಳಿಯೋಣ ಅಂದರೆ ನಮ್ಮ ಕರಾವಳಿಯಲ್ಲಿ ಅದೂ ಕಷ್ಟ. ದೆಹಲಿಯಲ್ಲಿ ಜೂನ್ ಹಗಲಿಗೂ ಡಿಸೆಂಬರ್ ಹಗಲಿಗೂ ಮೂರೂವರೆ ತಾಸಿಗಿಂತ ಜಾಸ್ತಿ ವ್ಯತ್ಯಾಸ. ಮಂಗಳೂರಲ್ಲಿ ಬರೀ ಒಂದೂವರೆ ತಾಸು. ಹಾಗಾಗಿ ನಮ್ಮ ಮಾವು ನೋಡುವುದು ಮುಖ್ಯವಾಗಿ ಎರಡೇ ವಿಷಯ. ಗೆಲ್ಲಿನ ತುದಿ ಎಷ್ಟು ಬಲಿತಿದೆ, ರಾತ್ರಿ ಎಷ್ಟು ತಣ್ಣಗಿದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಮಾವಿನ ಗೆಲ್ಲಿನ ತುದಿಯಲ್ಲಿ ಒಂದು ಮೊಗ್ಗು ಮಲಗಿರುತ್ತದೆ. ನಾನು ಅದನ್ನು ಕುಡಿ ಅನ್ನುತ್ತೇನೆ. ಈ ಕುಡಿ ಏಳುವುದು ಒಂದು ಸಂಗತಿ, ಎದ್ದ ಮೇಲೆ ಏನಾಗುತ್ತದೆ ಅನ್ನುವುದು ಇನ್ನೊಂದು ಸಂಗತಿ. ಇವೆರಡನ್ನು ಒಂದೇ ಅಂತ ತಿಳಿದದ್ದರಿಂದಲೇ ನಮ್ಮ ಅರ್ಧ ಎಡವಟ್ಟುಗಳು. ಕುಡಿಯನ್ನು ಎಬ್ಬಿಸುವುದು ಸುಲಭ. ಒಣಗಿದ ನೆಲಕ್ಕೆ ಒಂದು ಮಳೆ ಬಿದ್ದರೆ ಏಳುತ್ತದೆ, ಬುಡಕ್ಕೆ ನೀರು ಬಿಟ್ಟರೆ, ಗೊಬ್ಬರ ಹಾಕಿದರೆ, ತುದಿ ಕತ್ತರಿಸಿದರೆ ಏಳುತ್ತದೆ. ಆದರೆ ಏಳುವ ಆ ಹೊತ್ತಲ್ಲಿ ಗೆಲ್ಲು ನಾಲ್ಕೈದು ತಿಂಗಳು ಬಲಿತಿದ್ದು, ರಾತ್ರಿಯೂ ಸ್ವಲ್ಪ ತಂಪಾಗಿದ್ದರೆ ಅದು ಹೂವಿನ ಗೊಂಚಲಾಗುತ್ತದೆ. ಗೆಲ್ಲು ಎಳೆಯದಾಗಿದ್ದು ರಾತ್ರಿಯೂ ಬೆಚ್ಚಗಿದ್ದರೆ ಎಲೆಯಾಗುತ್ತದೆ. ಎರಡರ ನಡುವೆ ಸಿಕ್ಕಿಬಿದ್ದರೆ ಅರ್ಧ ಹೂ ಅರ್ಧ ಎಲೆ, ಒಂದೇ ಗೊಂಚಲಲ್ಲಿ. ನೀವೂ ನೋಡಿರಬಹುದು.

ಹೂವಾಗು ಅನ್ನುವ ಸುದ್ದಿ ಹುಟ್ಟುವುದು ಬಲಿತ ಎಲೆಯಲ್ಲಿ. ಅಲ್ಲಿಂದ ಅದು ತುದಿಗೆ ಹರಿಯುತ್ತದೆ. ಎಳೆ ಎಲೆಗೆ ಆ ಶಕ್ತಿ ಕಮ್ಮಿ, ಮೇಲಿಂದ ಅದು ಸುದ್ದಿಗೆ ಅಡ್ಡ ಬರುತ್ತದೆ.

ನಮ್ಮೂರಿನ ತೊಂದರೆ ಏನೆಂದರೆ, ಇಲ್ಲಿ ಚಳಿ ಅಂತ ಹೇಳುವಂಥ ಚಳಿ ಇಲ್ಲ. ಉತ್ತರ ಪ್ರದೇಶ, ಬಿಹಾರದ ಮಾವಿಗೆ ಚಳಿಗಾಲದ ರಾತ್ರಿ 8, 10 ಡಿಗ್ರಿಗೆ ಇಳಿಯುತ್ತದೆ. ಅಲ್ಲಿ ಚಳಿ ಒಂದೇ ಸಾಕು, ಗೆಲ್ಲು ಸ್ವಲ್ಪ ಎಳೆಯದಿದ್ದರೂ ಹೂವಿನ ಕಡೆಗೆ ಹೊರಳಿಬಿಡುತ್ತದೆ. ಉಡುಪಿ, ಮಂಗಳೂರಲ್ಲಿ ಡಿಸೆಂಬರ್, ಜನವರಿಯ ರಾತ್ರಿ ಸಾಧಾರಣವಾಗಿ 20ರಿಂದ 22 ಡಿಗ್ರಿ. ಬೆಳಗ್ಗೆ ನಾಲ್ಕೈದು ಗಂಟೆಗೆ ಘಟ್ಟದ ಕಡೆಯಿಂದ ಗಾಳಿ ಇಳಿದಾಗ ಸ್ವಲ್ಪ ತಣ್ಣಗೆ ಅನಿಸುತ್ತದೆ, ಹತ್ತು ಗಂಟೆಗೆ ಬೆವರು. ಈ ಚಳಿಯನ್ನು ನಂಬಿ ಮಾವು ಹೂ ಬಿಡುವುದಿಲ್ಲ. ನಮ್ಮ ಮಾವು ನಂಬಿರುವುದು ಒಣ ಹವೆಯನ್ನು. ಅಕ್ಟೋಬರ್ ನಡುವಿನಿಂದ ಮಳೆ ನಿಂತು, ನೆಲ ಒಣಗಿ, ಮರ ಸುಮ್ನೆ ಕೂತಿರಬೇಕು. ಮಳೆಗಾಲದ ಕೊನೆಗೆ ಬಂದ ಚಿಗುರು ಆ ವಿಶ್ರಾಂತಿಯಲ್ಲಿ ಬಲಿಯುತ್ತದೆ. ಆಮೇಲೆ ಪೆರಾರ್ದೆ ತಿಂಗಳ, ಅಂದರೆ ಡಿಸೆಂಬರ್ ನಡುವಿನಿಂದ ಜನವರಿ ನಡುವಿನೊಳಗಿನ, ನಾಲ್ಕು ತಂಪು ಮುಂಜಾವು ಸಿಕ್ಕರೆ ಸಾಕು, ಕೆಲಸ ಆಯಿತು.

ಈಗ ನಿಮ್ಮ ಮರಕ್ಕೆ ಬನ್ನಿ. ದೀಪಾವಳಿ ಕಳೆದ ಮೇಲೂ ಮಳೆ ಬಂತು ಅಂದಿರಿ. ಆ ಮಳೆಗೆ ಕುಡಿ ಎದ್ದಿತು. ಅದು ಎದ್ದ ಹೊತ್ತಿಗೆ ರಾತ್ರಿ ಬೆಚ್ಚಗಿತ್ತು, ಮೋಡ ಇತ್ತು. ಹಾಗಾಗಿ ಎಲೆ. ಅಷ್ಟೇ ಕತೆ.

ಹಾಗಾದರೆ ಮೂಡು ಬದಿಯಲ್ಲಿ ಯಾಕೆ ಹೂ ಬಂತು? ಅದೂ ಅದೇ ಮರ ಅಲ್ವಾ? ಇಲ್ಲೊಂದು ವಿಚಿತ್ರ ಇದೆ. ನಮ್ಮಂಥ ಬೆಚ್ಚಗಿನ ಊರಲ್ಲಿ ಮಾವಿನ ಮರ ಒಂದು ಕೂಡುಕುಟುಂಬ ಇದ್ದ ಹಾಗೆ, ಆದರೆ ಪ್ರತಿ ಗೆಲ್ಲಿಗೂ ಅದರದ್ದೇ ಜಮಾಖರ್ಚು. ಚಳಿ ಜೋರಿರುವ ಕಡೆ ಇಡೀ ಮರ ಒಟ್ಟಿಗೆ ಹೂ ಬಿಡುತ್ತದೆ, ಯಾಕೆಂದರೆ ಚಳಿ ಎಲ್ಲ ಗೆಲ್ಲಿಗೂ ಒಂದೇ ಸಲ ತಟ್ಟುತ್ತದೆ. ಇಲ್ಲಿ ಹಾಗಲ್ಲ. ಹೋದ ವರ್ಷ ಕಾಯಿ ಹೊತ್ತ ಗೆಲ್ಲು ಸುಸ್ತಾಗಿರುತ್ತದೆ, ತಡವಾಗಿ ಚಿಗುರುತ್ತದೆ, ಅದರ ಚಿಗುರು ಡಿಸೆಂಬರಿಗೆ ಬಲಿತಿರುವುದಿಲ್ಲ. ಕಾಯಿ ಹೊರದೆ ಆರಾಮಾಗಿದ್ದ ಗೆಲ್ಲು ಬೇಗ ಚಿಗುರಿ ಬೇಗ ಬಲಿತು ಸರಿಯಾದ ಹೊತ್ತಿಗೆ ತಯಾರು. ನಿಮ್ಮ ಪಡು ಬದಿ ಹೋದ ವರ್ಷ ಜೋರಾಗಿ ಕಾಯಿ ಹೊತ್ತಿತ್ತು. ಅದರ ಮೇಲೆ ಮಲ್ಲಿಗೆಗೆ ಬಿಡುವ ನೀರು, ಬಚ್ಚಲ ನೀರು, ಎರಡೂ ಆ ಬದಿಯ ಬೇರಿಗೆ. ಮೂಡು ಬದಿಗೆ ವಿಶ್ರಾಂತಿ ಸಿಕ್ಕಿತು, ಪಡು ಬದಿಗೆ ಸಿಗಲಿಲ್ಲ. ವಾಸ್ತು ಅಂತ ಹೇಳಿದವರು ದಿಕ್ಕನ್ನು ಸರಿಯಾಗಿಯೇ ಹಿಡಿದಿದ್ದಾರೆ ಬಿಡಿ, ಕಾರಣ ಮಾತ್ರ ಪೈಪಿನಲ್ಲಿದೆ.

ಉಡುಪಿಯವರಿಗೆ ಇದನ್ನು ಹೇಳುವುದು ಸುಲಭ. ಶ್ರೀಕೃಷ್ಣ ಮಠದಲ್ಲಿ ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಪರ್ಯಾಯ ನಡೆದು ಪೂಜೆಯ ಜವಾಬ್ದಾರಿ ಒಂದು ಮಠದಿಂದ ಇನ್ನೊಂದಕ್ಕೆ ಹೋಗುತ್ತದೆ ಅಲ್ವಾ? ಮಾವಿನ ಗೆಲ್ಲುಗಳ ನಡುವೆಯೂ ಅಂಥದ್ದೊಂದು ಪರ್ಯಾಯ ಉಂಟು. ಕೆಲವು ಮರಗಳಲ್ಲಿ ಇಡೀ ಮರವೇ ಒಂದು ವರ್ಷ ಬಿಟ್ಟು ಒಂದು ವರ್ಷ. ಆಪೂಸು ಇದಕ್ಕೆ ಹೆಸರುವಾಸಿ. ತೋತಾಪುರಿ, ನೀಲಂ ಅಷ್ಟು ಹಟ ಮಾಡುವುದಿಲ್ಲ.

ಒಂದು ಸಣ್ಣ ಪರೀಕ್ಷೆ ನೀವೇ ಮಾಡಿ ನೋಡಿ. ಮೂಡು ಬದಿಯಲ್ಲಿ ಹೂವಿರುವ ಗೆಲ್ಲಿನ ಒಂದು ಎಲೆ ಕಿತ್ತು ಅಂಗೈಯಲ್ಲಿಟ್ಟು ಮುಷ್ಟಿ ಬಿಗಿಹಿಡಿಯಿರಿ. ಹಪ್ಪಳ ಮುರಿದ ಹಾಗೆ ಚರಚರ ಸದ್ದು ಬರುತ್ತದೆ, ಎಲೆ ತುಂಡಾಗುತ್ತದೆ. ಈಗ ಪಡು ಬದಿಯ ಕೆಂಪು ಎಲೆ ತೆಗೆದು ಹಾಗೆಯೇ ಹಿಸುಕಿ. ಒದ್ದೆ ಬಟ್ಟೆಯ ಹಾಗೆ ಮುದುಡುತ್ತದೆ, ಸದ್ದಿಲ್ಲ. ಆ ಸದ್ದೇ ಬಲಿತದ್ದರ ಗುರುತು. ನಾನು ತೋಟಕ್ಕೆ ಹೋದರೆ ಮೊದಲು ಮಾಡುವ ಕೆಲಸ ಇದು, ಆಮೇಲೆ ಮಾತು. ಇನ್ನು ಮಲಗಿರುವ ಕುಡಿಗಳನ್ನು ನೋಡಿ. ಚೂಪಾಗಿ, ಬಿಗಿಯಾಗಿ, ಗಟ್ಟಿ ಮುಚ್ಚಿಕೊಂಡಿದ್ದರೆ ಇನ್ನೂ ನಿದ್ದೆ. ಉಬ್ಬಿ ದುಂಡಗಾಗಿ ಪೊರೆ ಸಡಿಲವಾಗಿದ್ದರೆ ಎದ್ದಿದೆ ಅಂತ. ಒಂದೆರಡು ಉಬ್ಬಿದ ಕುಡಿಯನ್ನು ಉಗುರಿನಿಂದ ಬಿಡಿಸಿ. ಒಳಗೆ ಎಲೆಯ ಮಡಿಕೆಯ ಬದಲು ರಾಗಿ ಕಾಳಿನಂಥ ಸಣ್ಣ ಗಂಟುಗಳು ಕಂಡರೆ ಹೂ ಬರುತ್ತಿದೆ.

ಇನ್ನು ಜನ ಹೇಳಿದ ಮದ್ದುಗಳು. ಮೊಳೆಯಿಂದ ಶುರು ಮಾಡೋಣ. ಮೊಳೆ ಹೊಡೆಯುವುದು, ಕತ್ತಿಯಲ್ಲಿ ಕಾಂಡಕ್ಕೆ ಕಚ್ಚು ಹಾಕುವುದು, ಒನಕೆಯಿಂದ ಹೊಡೆಯುವುದು ಎಲ್ಲ ಒಂದೇ ಜಾತಿ. ಪೂರ್ತಿ ಸುಳ್ಳೂ ಅಲ್ಲ, ಅದೇ ಕಷ್ಟ. ತೊಗಟೆಗೆ ಗಾಯವಾದರೆ ಎಲೆಯಲ್ಲಿ ಆದ ಆಹಾರ ಬೇರಿಗೆ ಇಳಿಯದೆ ಮೇಲೆಯೇ ನಿಲ್ಲುತ್ತದೆ, ಬೆಳವಣಿಗೆ ಸ್ವಲ್ಪ ನಿಧಾನವಾಗುತ್ತದೆ, ಕೆಲವೊಮ್ಮೆ ಹೂ ಬರುತ್ತದೆ. ಆದರೆ ನಮ್ಮದು ವರ್ಷಕ್ಕೆ ಮೂರೂವರೆ, ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಊರು. ಆ ಗಾಯ ಜುಲೈ, ಆಗಸ್ಟಿನ ಆಟಿ ತಿಂಗಳಲ್ಲಿ ಒಣಗುವುದೇ ಇಲ್ಲ. ಅಂಟು ಸುರಿಯುತ್ತದೆ, ಕಾಂಡ ಕೊರೆಯುವ ಹುಳಕ್ಕೆ ಬಾಗಿಲು ತೆರೆದ ಹಾಗಾಗುತ್ತದೆ. 22 ವರ್ಷದ ಮರವನ್ನು ಒಂದು ವರ್ಷದ ಹೂವಿಗಾಗಿ ಪಣಕ್ಕಿಡಬೇಡಿ.

ಹೊಗೆ ಹಾಕುವುದನ್ನು ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ಮರದ ಅಡಿಯಲ್ಲಿ ತರಗೆಲೆಗೆ ಬೆಂಕಿ ಹಾಕಿ ಹೊಗೆ ಎಬ್ಬಿಸುವುದು ಫಿಲಿಪೀನ್ಸ್‌ನಲ್ಲಿ ಹಳೆಯ ಪದ್ಧತಿ. ಹೊಗೆಯಲ್ಲಿರುವ ಎಥಿಲೀನ್ ಅನಿಲ ಬಲಿತ ಕುಡಿಯನ್ನು ಎಬ್ಬಿಸುತ್ತದೆ. ದಿನಗಟ್ಟಲೆ ಬೆಂಕಿ ಕಾಯುವ ಆ ಕೆಲಸದ ಬದಲು 1970ರ ದಶಕದಲ್ಲಿ ಅಲ್ಲಿನ ರಮೋನ್ ಬಾರ್ಬಾ ಅನ್ನುವ ವಿಜ್ಞಾನಿ ಪೊಟ್ಯಾಸಿಯಂ ನೈಟ್ರೇಟ್ ನೀರು ಸಿಂಪಡಿಸಿ ಹೂ ಬರಿಸಿ ತೋರಿಸಿದರು. ಅದರ ಬಗ್ಗೆ ಕೆಳಗೆ ಹೇಳುತ್ತೇನೆ.

ಹೂ, ಕಾಯಿ ಬಿಡದಿದ್ದರೆ ಅದು ಗಂಡು ಮರ ಅನ್ನುವವರೂ ಇದ್ದಾರೆ, ಆ ಮಾತು ಮಾವಿಗೆ ಹೊಂದುವುದಿಲ್ಲ. ಮಾವಿನ ಒಂದೇ ಗೊಂಚಲಲ್ಲಿ ಗಂಡು ಹೂವೂ ಇರುತ್ತದೆ, ಗಂಡು ಹೆಣ್ಣು ಎರಡೂ ಭಾಗ ಇರುವ ಹೂವೂ ಇರುತ್ತದೆ. ಜಾಯಿಕಾಯಿಗೆ ಆ ಮಾತು ನಿಜ, ಮಾವಿಗಲ್ಲ.

ಈಗ ಐಸ್. ಅಳಿಯನ ಉತ್ಸಾಹಕ್ಕೆ ನನ್ನದೊಂದು ನಮಸ್ಕಾರ ಹೇಳಿ. ಯೋಚನೆ ಪೂರ್ತಿ ತಪ್ಪಲ್ಲ, ಲಿಚಿಗೆ ಬೇಕಾದದ್ದು ಚಳಿಯೇ. ಆದರೆ ಚಳಿ ತಟ್ಟಬೇಕಾದದ್ದು ಎಲೆ ಮತ್ತು ಕುಡಿಗೆ, ಬೇರಿಗಲ್ಲ. ಅದೂ ಒಂದು ದಿನವಲ್ಲ, ವಾರಗಟ್ಟಲೆ. ಕಾಲಿಗೆ ಐಸ್ ಇಟ್ಟರೆ ತಲೆಗೆ ಡಿಸೆಂಬರ್ ಆಗುತ್ತದಾ? ಇನ್ನೊಂದು ಮಾತು, ಅದು ಮೀನಿನ ಪೆಟ್ಟಿಗೆಯಲ್ಲಿ ಬಳಸಿ ಉಳಿದ ಐಸ್ ಆಗಿದ್ದರೆ ಅದರಲ್ಲಿ ಉಪ್ಪಿನಂಶ ಇರುತ್ತದೆ. ಲಿಚಿ ಉಪ್ಪನ್ನು ಸಹಿಸುವುದಿಲ್ಲ. ಎಲೆಯ ಅಂಚು ಕಂದಾಗಿ ಸುಟ್ಟ ಹಾಗೆ ಕಂಡರೆ ಬುಡಕ್ಕೆ ನಾಲ್ಕು ದಿನ ಧಾರಾಳ ಸಿಹಿನೀರು ಬಿಟ್ಟು ತೊಳೆಯಿರಿ.

ಲಿಚಿ ಮೂಲದಲ್ಲಿ ದಕ್ಷಿಣ ಚೀನಾದ ಮರ. ಬೇಸಗೆ ಬಿಸಿ, ಚಳಿಗಾಲ ತಂಪು ಮತ್ತು ಒಣ, ಅಂಥ ಕಡೆ ಹುಟ್ಟಿ ಬೆಳೆದದ್ದು. ನಮ್ಮ ದೇಶದಲ್ಲಿ ಅದಕ್ಕೆ ಹೆಸರಾದ ಊರು ಬಿಹಾರದ ಮುಜಫ್ಫರ್‌ಪುರ. ಅದರ ಕುಡಿ ಹೂವಾಗಬೇಕಾದರೆ 20 ಡಿಗ್ರಿಗಿಂತ ಕೆಳಗಿನ ತಂಪು ಬೇಕು, ಚೆನ್ನಾಗಿ ಹೂ ಬೇಕಾದರೆ 15ರ ಆಸುಪಾಸು ಕೆಲವು ವಾರ ಇರಬೇಕು. ಕಟಪಾಡಿಯಲ್ಲಿ ಅದು ಎಲ್ಲಿಂದ ಬರಬೇಕು? ಮಾವಿಗೆ ಚಳಿ ಇಲ್ಲದಿದ್ದರೆ ಗೆಲ್ಲಿನ ಪ್ರಾಯ ಕೈ ಹಿಡಿಯುತ್ತದೆ. ಲಿಚಿಗೆ ಆ ಸೌಲಭ್ಯ ಕಮ್ಮಿ. ಹಾಗಾಗಿ ಅದು ವರ್ಷಕ್ಕೆ ಎರಡು ಮೂರು ಸಲ ಚಂದವಾಗಿ ಕೆಂಪು ಚಿಗುರು ಬಿಟ್ಟು, ಹಸಿರಾಗಿ, ಮತ್ತೆ ಚಿಗುರಿ, ನಿಮ್ಮ ಮಾಡಿನಷ್ಟು ಎತ್ತರ ಬೆಳೆದಿದೆ. ಗಿಡ ಆರೋಗ್ಯವಾಗಿಯೇ ಇದೆ, ಊರು ಅದಕ್ಕೆ ಒಗ್ಗಿದೆ, ಹೂವಿಗೆ ಮಾತ್ರ ಒಗ್ಗಿಲ್ಲ.

ಕೊಡಗಿನಲ್ಲಿ ಬರುತ್ತದಲ್ಲ ಅಂತ ಕೇಳಬಹುದು. ಬರುತ್ತದೆ. ಸಾವಿರ ಮೀಟರ್ ಮೇಲಕ್ಕೆ ಹೋದರೆ ಸುಮಾರು ಆರೂವರೆ ಡಿಗ್ರಿ ತಂಪು ಜಾಸ್ತಿ, ಅದೇ ಕಾರಣ. ಹಾಗಂತ ಆಗುಂಬೆ ಘಾಟಿ ಹತ್ತಿಸಿ ನೆಟ್ಟರೆ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ, ಅಲ್ಲಿ ಮಳೆಯೇ ಬೇರೆ ಲೆಕ್ಕ.

ಲಿಚಿಯನ್ನು ಏನು ಮಾಡುವುದು? ಕಾಂಡದ ಸುತ್ತ ತೊಗಟೆ ಸೀಳಿ ಉಂಗುರ ಮಾಡುವ ಒಂದು ಉಪಾಯ ಬೇರೆ ಊರುಗಳಲ್ಲಿ ಉಂಟು. ಚಳಿ ಸ್ವಲ್ಪ ಕಮ್ಮಿ ಬೀಳುವ ಕಡೆ ಅದು ಕೆಲಸ ಮಾಡುತ್ತದೆ. ಚಳಿಯೇ ಇಲ್ಲದ ಕಡೆ ಅದನ್ನು ನಂಬುವ ಹಾಗಿಲ್ಲ, ಗಿಡ ಸಾಯುವ ಅಪಾಯವೂ ಉಂಟು. ನೆರಳಿಗೆ ಬೇಕಾದರೆ ಇಟ್ಟುಕೊಳ್ಳಿ, ಅದು ಒಳ್ಳೆಯ ನೆರಳಿನ ಮರ. ಹಣ್ಣೇ ಬೇಕು ಅಂತಾದರೆ ಆ ಜಾಗಕ್ಕೆ ರಂಬುಟಾನ್ ನೆಡಿ. ಲಿಚಿಯ ದಾಯಾದಿಯೇ ಅದು, ಆದರೆ ಬೆಚ್ಚಗಿನ ಊರಲ್ಲಿ ಹುಟ್ಟಿದ್ದು. ಅದಕ್ಕೆ ಚಳಿ ಬೇಡ, ಸ್ವಲ್ಪ ಒಣ ಹವೆ ಸಿಕ್ಕರೆ ಹೂ ಬಿಡುತ್ತದೆ. ದಕ್ಷಿಣ ಕನ್ನಡದಲ್ಲಿ ಚೆನ್ನಾಗಿಯೇ ಬೆಳೆಯುತ್ತಿದ್ದಾರೆ. ಎರಡು ಎಚ್ಚರಿಕೆ ಮಾತ್ರ. ಬೀಜದ ಗಿಡ ಬೇಡ, ಗಂಡು ಗಿಡ ಬಂದರೆ ಇನ್ನೊಂದು ಒಂಬತ್ತು ವರ್ಷ ಕಾಯುವ ಹಾಗಾಗುತ್ತದೆ, ಕಣ್ಣು ಕಸಿ ಮಾಡಿದ್ದೇ ಕೇಳಿ ತನ್ನಿ. ಹಣ್ಣು ಬರುವುದು ಮಳೆಗಾಲದಲ್ಲಿ, ಬಾವಲಿಗೆ ಬಲೆ ಕಟ್ಟಬೇಕಾಗುತ್ತದೆ.

ಹವಾಮಾನ ಬದಲಾದದ್ದಕ್ಕಾ ಅಂತ ಕೇಳಿದ್ದೀರಿ. ಲಿಚಿಯ ಮಟ್ಟಿಗೆ ಇಲ್ಲ. 50 ವರ್ಷ ಹಿಂದೆ ನೆಟ್ಟಿದ್ದರೂ ಅದು ಇಲ್ಲಿ ಕಾಯಿ ಬಿಡುತ್ತಿರಲಿಲ್ಲ ಅಂತಲೇ ನನ್ನ ಅಭಿಪ್ರಾಯ. ಮಾವಿನ ಮಟ್ಟಿಗೆ, ಹೌದು ಅನ್ನುವುದಕ್ಕೂ ಕಾರಣ ಇದೆ, ಅವಸರ ಬೇಡ ಅನ್ನುವುದಕ್ಕೂ ಇದೆ. ಒಂದು ವರ್ಷದ ಮಳೆ ನೋಡಿ ಹವಾಮಾನವೇ ಬದಲಾಯಿತು ಅನ್ನಲಾಗದು. ಆದರೆ 1901ರಿಂದ 2018ರ ನಡುವೆ ನಮ್ಮ ದೇಶದ ಸರಾಸರಿ ಉಷ್ಣತೆ ಸುಮಾರು 0.7 ಡಿಗ್ರಿ ಏರಿದೆ, ಇದು ಕೇಂದ್ರ ಸರ್ಕಾರದ ಭೂವಿಜ್ಞಾನ ಸಚಿವಾಲಯದ ವರದಿಯಲ್ಲೇ ಇರುವ ಲೆಕ್ಕ. ಮುಕ್ಕಾಲು ಡಿಗ್ರಿಯೂ ಇಲ್ಲ, ಅದರಲ್ಲೇನು ಅನಿಸಬಹುದು. ಬಿಹಾರದ ಮಾವಿಗೆ 9 ಡಿಗ್ರಿ ಇದ್ದದ್ದು 10 ಆದರೆ ಗೊತ್ತೇ ಆಗುವುದಿಲ್ಲ. ನಮ್ಮ ಮಾವು ನಿಂತಿರುವುದು 20ರ ಅಂಚಿನಲ್ಲಿ. ಬಾವಿಯ ಕಟ್ಟೆ ಮೇಲೆ ನಿಂತವನಿಗೆ ಅರ್ಧ ಅಡಿಯೂ ದೊಡ್ಡದೇ.

ಬಿಸಿಗಿಂತ ನನಗೆ ಜಾಸ್ತಿ ಹೆದರಿಕೆ ತಡವಾಗಿ ಬರುವ ಮಳೆಯದ್ದು. 2021ರ ನವೆಂಬರ್ ನೆನಪಿದೆಯಾ, ಕೊಯ್ದ ಭತ್ತ ಗದ್ದೆಯಲ್ಲೇ ಮೊಳಕೆ ಬಂದದ್ದು? 2024ರಲ್ಲಿ ಫೆಂಜಲ್ ಚಂಡಮಾರುತ ಪುದುಚೇರಿ ಹತ್ತಿರ ನೆಲಕ್ಕೆ ಬಂದು, ಅದರ ಬಾಲ ನಮ್ಮ ಕಡೆ ತಿರುಗಿ, ಡಿಸೆಂಬರ್ ಮೊದಲ ವಾರ ಉಡುಪಿ, ದಕ್ಷಿಣ ಕನ್ನಡದಲ್ಲಿ ಮಳೆಗೆ ಶಾಲೆಗೆ ರಜೆ ಕೊಟ್ಟರು. ಡಿಸೆಂಬರಿನಲ್ಲಿ ಮಳೆ ರಜೆ ಮಾರಾಯ್ರೆ! ಮಕ್ಕಳಿಗೆ ಖುಷಿ, ಮಾವಿಗೆ ಎದ್ದೇಳು ಅನ್ನುವ ಕರೆ. ಅಂಥ ವರ್ಷ ಹೂ ತಡವಾದರೆ ಮುಂದಿನದ್ದೆಲ್ಲ ತಡ. ಹೂ ಬಿಟ್ಟು ಹಣ್ಣು ಬಲಿಯಲು ಮೂರೂವರೆ, ನಾಲ್ಕು ತಿಂಗಳು ಬೇಕು. ಡಿಸೆಂಬರ್ ಕೊನೆಯ ಹೂ ಏಪ್ರಿಲ್ ಕೊನೆಗೆ ಹಣ್ಣು. ಫೆಬ್ರವರಿ ಕೊನೆಯ ಹೂವಿನ ಹಣ್ಣು ಮೇ ಕೊನೆಯ ಪತ್ತನಾಜೆ ಕಳೆದ ಮೇಲೆ, ಅಂದರೆ ಮಳೆ ಬಾಗಿಲಿಗೆ ಬಂದಾಗ. ಆಗ ಹಣ್ಣು ನೊಣ, ಕಪ್ಪು ಚುಕ್ಕೆ, ಒಳಗೆ ಹುಳ. ನಿಮಗೆ ಸಿಗುವುದು ಗೊರಟು ಮಾತ್ರ.

ತಮಾಷೆ ಏನೆಂದರೆ, ಅದೇ ಹಿತ್ತಿಲಿನ ಗೇರು ಮರಕ್ಕೆ ಲೆಕ್ಕ ಉಲ್ಟಾ. ಗೇರಿನ ಹೂ ಬರುವುದು ಮಳೆಗಾಲ ಕಳೆದು ಬಂದ ಹೊಸ ಚಿಗುರಿನ ತುದಿಯಲ್ಲೇ. ಮಾವಿಗೆ ಶಾಪವಾದ ಹೊಸ ಚಿಗುರು ಗೇರಿಗೆ ವರ. ಆದರೆ ಮೋಡ ಕವಿದರೆ ಆ ಎಳೆ ಚಿಗುರಿಗೆ ಟೀ ಸೊಳ್ಳೆ ಬಂದು ಚುಚ್ಚುತ್ತದೆ, ಅದು ಬೇರೆ ಗೋಳು. ಮಲ್ಲಿಗೆಯದ್ದು ನಿಮಗೆ ನಾನು ಹೇಳಬೇಕಾಗಿಲ್ಲ. ಮಾರುವ ಲೆಕ್ಕದಲ್ಲಿ ಒಂದು ಅಟ್ಟೆಗೆ ನಾಲ್ಕು ಚೆಂಡು, ಒಂದು ಚೆಂಡಿಗೆ 800 ಹೂ, ಆ ಅಟ್ಟೆಯ ರೇಟು ಮೇಲೆ ಕೆಳಗೆ ಆಗುವುದನ್ನು ನೋಡಿದರೆ ಸಾಕು, ಬಿಸಿಲು ಎಷ್ಟಿತ್ತು, ಮೋಡ ಎಷ್ಟಿತ್ತು ಅಂತ ಗೊತ್ತಾಗುತ್ತದೆ.

ಈಗ ದಾರಿಗಳು. ಕಲ್ಟಾರ್ ಮೊದಲು, ಯಾಕೆಂದರೆ ಅಂಗಡಿಯವರು ಡಬ್ಬಿ ಕೊಟ್ಟೇಬಿಡುವ ಮೊದಲು ನೀವು ಇದನ್ನು ಓದಬೇಕು. ಅದರೊಳಗಿರುವುದು ಪ್ಯಾಕ್ಲೊಬ್ಯುಟ್ರಜೋಲ್. ಮರದಲ್ಲಿ ಚಿಗುರನ್ನು ಉದ್ದ ಬೆಳೆಸುವ ಗಿಬ್ಬರೆಲಿನ್ ಅನ್ನುವ ಹಾರ್ಮೋನ್ ಇದೆ, ಇದು ಅದನ್ನು ಅದುಮಿ ಹಿಡಿಯುತ್ತದೆ. ಮರ ಚಿಗುರುವುದು ಬಿಟ್ಟು ಹೂವಿನ ಕಡೆ ತಿರುಗುತ್ತದೆ. ಕೊಂಕಣದ ಆಪೂಸು ತೋಟಗಳಲ್ಲಿ ವರ್ಷಗಳಿಂದ ಬಳಸುತ್ತಿದ್ದಾರೆ, ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ಅದನ್ನು ಹಾಕುವುದು ಜುಲೈ, ಆಗಸ್ಟಿನಲ್ಲಿ. ಈಗ ಜನವರಿಯಲ್ಲಿ ಹಾಕಿದರೆ ದುಡ್ಡು ಮಣ್ಣಿಗೆ. ಮಣ್ಣಿಗೆ ಹೋದದ್ದು ಬೇಗ ಹೋಗುವುದೂ ಇಲ್ಲ, ವರ್ಷಾನುಗಟ್ಟಲೆ ಉಳಿಯುತ್ತದೆ. ಪಕ್ಕದಲ್ಲೇ ನಿಮ್ಮ ಮಲ್ಲಿಗೆ ಇದೆ. ಮಲ್ಲಿಗೆ ಹೂ ಬರುವುದೇ ಹೊಸ ಚಿಗುರಿನ ತುದಿಯಲ್ಲಿ. ಚಿಗುರು ಅದುಮುವ ಮದ್ದು ಅದರ ಬೇರಿಗೆ ಹೋದರೆ ಮಾವೂ ಇಲ್ಲ, ಅಟ್ಟೆಯೂ ಇಲ್ಲ. ಮೇಲಾಗಿ ಹಿತ್ತಿಲಿನ ಮರ ಅಂದರೆ ಬಾವಿಯೂ ಅಲ್ಲೇ ಎಲ್ಲೋ ಇರುತ್ತದೆ. ನನ್ನ ಮಾತು ಕೇಳುವುದಾದರೆ ಬೇಡವೇ ಬೇಡ. ಅದು ನೂರು ಮರದ ತೋಟ ಇರುವವರ ಸರಕು, ಅವರೂ ಎರಡು ಪಟ್ಟು ಗೊಬ್ಬರ ಕೊಟ್ಟು ಮರವನ್ನು ಸಾಕಬೇಕಾಗುತ್ತದೆ.

ಪೊಟ್ಯಾಸಿಯಂ ನೈಟ್ರೇಟ್ ಅಷ್ಟು ಅಪಾಯದ್ದಲ್ಲ. ಅಂಗಡಿಯಲ್ಲಿ 13:0:45 ಅಂತ ಕೇಳಿದರೆ ಕೊಡುತ್ತಾರೆ. ಲೀಟರ್ ನೀರಿಗೆ 10 ಗ್ರಾಂ, ಸಂಜೆ ಹೊತ್ತು ಎಲೆ ಒದ್ದೆಯಾಗುವ ಹಾಗೆ. ಆದರೆ ನೆನಪಿಡಿ, ಇದು ಕುಡಿಯನ್ನು ಎಬ್ಬಿಸುತ್ತದೆ ಅಷ್ಟೇ, ಹೂವಾಗು ಅಂತ ಹೇಳುವುದಿಲ್ಲ. ಚರಚರ ಸದ್ದು ಬರುವ ಎಲೆಯ ಗೆಲ್ಲಿಗೆ ಹೊಡೆದರೆ ಹೂ, ಮುದುಡುವ ಎಲೆಯ ಗೆಲ್ಲಿಗೆ ಹೊಡೆದರೆ ಇನ್ನಷ್ಟು ಎಲೆ. ನಿಮ್ಮ ಪಡು ಬದಿಗೆ ಈಗ ಹೊಡೆಯುವುದು ಸುಮ್ನೆ ದಂಡ. ಜಾಸ್ತಿ ಗಟ್ಟಿ ಮಾಡಿದರೆ ಎಲೆಯ ತುದಿ ಸುಡುತ್ತದೆ.

ಮೂರನೆಯದು ನನಗೆ ಇಷ್ಟವಾದ ದಾರಿ. ಖರ್ಚಿಲ್ಲ, ಆದರೆ ಒಂದು ವರ್ಷದ ತಾಳ್ಮೆ ಬೇಕು. ಡಿಸೆಂಬರಿನ ಹೂವಿನ ಕೆಲಸ ಶುರುವಾಗುವುದು ಹಣ್ಣು ಕೊಯ್ದ ಮರುದಿನ. ಮೇ ಕೊನೆ, ಜೂನ್ ಮೊದಲ ವಾರದೊಳಗೆ ಕಾಯಿ ಹೊತ್ತ ಗೆಲ್ಲುಗಳ ತುದಿಯನ್ನು ಒಂದು ಗೇಣಿನಷ್ಟು ಕತ್ತರಿಸಿ, ಒಳಗೆ ಒತ್ತೊತ್ತಾಗಿ ಬೆಳೆದ ಸಣ್ಣ ಗೆಲ್ಲು, ಬಂದಣಿಕೆ ಇದ್ದರೆ ಎಲ್ಲ ತೆಗೆಯಿರಿ. ಹಟ್ಟಿಗೊಬ್ಬರ ಎರಡು ಮೂರು ಬುಟ್ಟಿ ಆಗಲೇ ಹಾಕಿ, ಉಳಿದದ್ದು ಮಳೆ ಇಳಿದ ಮೇಲೆ ಆಗಸ್ಟ್ ಕೊನೆಯೊಳಗೆ. ಹೀಗೆ ಮಾಡಿದರೆ ಚಿಗುರು ಜೂನ್, ಜುಲೈಯಲ್ಲೇ ಬಂದು ಡಿಸೆಂಬರಿಗೆ ಐದು ತಿಂಗಳು ಬಲಿತಿರುತ್ತದೆ. ಆಮೇಲೆ ನವೆಂಬರ್ ಮಳೆ ಬಂದರೂ ಎದ್ದ ಕುಡಿ ಹೂವಾಗುವ ಸಂಭವ ಜಾಸ್ತಿ. ಸೆಪ್ಟೆಂಬರ್ ಕಳೆದ ಮೇಲೆ ಗೊಬ್ಬರ ಬೇಡ, ಅಕ್ಟೋಬರಿನಿಂದ ಒಂದು ಕೊಡ ನೀರೂ ಬೇಡ. ಬಚ್ಚಲ ನೀರಿನ ಪೈಪನ್ನು ತೆಂಗಿನ ಬುಡಕ್ಕೆ ತಿರುಗಿಸಿ. ಮಲ್ಲಿಗೆಗೆ ನೀರು ಬೇಕೇ ಬೇಕು, ಅದನ್ನು ನಿಲ್ಲಿಸಿ ಅಂತ ಹೇಳಲು ನನಗೆ ಧೈರ್ಯ ಇಲ್ಲ. ಮಾವಿನ ಕಡೆಗಿರುವ ಸಾಲಿಗೆ ಪೈಪಿನಲ್ಲಿ ಸುರಿಯುವ ಬದಲು ಬುಡಬುಡಕ್ಕೆ ಅಳೆದು ಹಾಕಿ. ನಡುವೆ ಎರಡು ಅಡಿ ಆಳದ ಒಂದು ಕಣಿ ತೋಡಿದರೆ ಇನ್ನೂ ಒಳ್ಳೆಯದು. ಒಂದಿಷ್ಟು ಬೇರು ತುಂಡಾಗುತ್ತದೆ, ಆಗಲಿ.

ಇದರಲ್ಲೂ ಅಪಾಯ ಇಲ್ಲ ಅಂತಲ್ಲ. ಜೂನ್ ಮಳೆ ಹಿಡಿದ ಮೇಲೆ ಕತ್ತರಿಸಿದರೆ ಗಾಯ ಕೊಳೆಯುತ್ತದೆ. ಜಾಸ್ತಿ ಕತ್ತರಿಸಿದರೆ ಮರ ಎರಡು ವರ್ಷ ಬರೀ ಎಲೆ ಬಿಡುತ್ತದೆ.

ಈ ನೀರು, ಗೊಬ್ಬರದ ವಿಷಯದಲ್ಲಿ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಾರ್ಕಳ ಕಡೆಯ ಒಬ್ಬ ಹಿರಿಯರ ತೋಟಕ್ಕೆ ಹೋಗಿದ್ದೆ. ನವೆಂಬರ್ ತಿಂಗಳು, ಮರಗಳೆಲ್ಲ ಬಾಡಿದ ಹಾಗೆ ಕಂಡವು. ಪುಸ್ತಕ ಓದಿ ಬಂದವನು ನಾನು, ಮರಕ್ಕೆ ನಾಲ್ಕು ಕೊಡ ನೀರು, ಎರಡು ಬುಟ್ಟಿ ಗೊಬ್ಬರ ಹಾಕಿಸಿ ಅಂದೆ. ಅವರು ಹಾಕಿಸಿದರು. ಕ್ರಿಸ್‌ಮಸ್ ಹೊತ್ತಿಗೆ ಮತ್ತೆ ಹೋದರೆ ಹನ್ನೊಂದು ಮರವೂ ಕೆಂಪು ಕೆಂಪು. ಬೈಯಲಿಲ್ಲ. ಬೆಲ್ಲ, ನೀರು ಕೊಟ್ಟು, ಮರದ ಅಡಿಗೆ ಕರೆದುಕೊಂಡು ಹೋಗಿ, "ನೋಡಿ ಸರ್, ಚಂದ ಉಂಟಲ್ಲ" ಅಂದರು. ಬೈದಿದ್ದರೆ ಮರೆಯುತ್ತಿದ್ದೆನೋ ಏನೋ.

ಪಡು ಬದಿಯ ಕೆಂಪು ಚಿಗುರನ್ನು ಮಾತ್ರ ದಯವಿಟ್ಟು ಕಡಿಯಬೇಡಿ. ಈ ಸಲ ಅದು ಹೂ ಕೊಡುವುದಿಲ್ಲ, ನಿಜ. ಆದರೆ ಮುಂದಿನ ಡಿಸೆಂಬರಿನ ಬಂಡವಾಳ ಅದೇ. ಎಳೆ ಎಲೆಗಳು ಕತ್ತರಿ ಹಾಕಿದ ಹಾಗೆ ಅಡ್ಡಕ್ಕೆ ತುಂಡಾಗಿ ಬುಡದಲ್ಲಿ ಬಿದ್ದಿದ್ದರೆ ಅದು ಎಲೆ ಕತ್ತರಿಸುವ ಮೂತಿ ಹುಳದ ಕೆಲಸ. ಬಿದ್ದ ತುಂಡುಗಳಲ್ಲೇ ಅದರ ಮೊಟ್ಟೆ ಇರುತ್ತದೆ, ದಿನಾ ಗುಡಿಸಿ ಸುಟ್ಟುಬಿಡಿ.

ಮೂಡು ಬದಿಯ ಹೂವಿಗೆ ಈಗ ಕಣ್ಣಿಡಬೇಕು. ಮುಂಜಾನೆ ಇಬ್ಬನಿ ಬಿದ್ದು, ಹಗಲು ಮೋಡ ಇದ್ದರೆ ಗೊಂಚಲಿಗೆ ಬಿಳಿ ಬೂದಿ ಹಿಡಿಯುತ್ತದೆ. ಕಂಡ ಕೂಡಲೇ ನೀರಲ್ಲಿ ಕರಗುವ ಗಂಧಕ, ಲೀಟರಿಗೆ 2 ಗ್ರಾಂ, ಬಿಸಿಲೇರುವ ಮೊದಲು ಸಿಂಪಡಿಸಿ. ಗೊಂಚಲು ಅಲ್ಲಾಡಿಸಿದಾಗ ಚಟಚಟ ಅಂತ ಸಣ್ಣ ಹುಳ ಹಾರಿದರೆ ಅದು ಜಿಗಿಹುಳ, ಹೂ ಇನ್ನೂ ಬಿರಿಯದ ಗೊಂಚಲಿಗೆ ಬೇವಿನೆಣ್ಣೆ ಸಾಕು. ಹೂ ಬಿರಿದ ಮೇಲೆ ಕೀಟನಾಶಕ ಬೇಡ, ಪರಾಗ ಮುಟ್ಟಿಸುವುದು ನೊಣ ಮತ್ತು ಸಣ್ಣ ಜೇನು, ಅವು ಸತ್ತರೆ ಕಾಯಿ ಕಟ್ಟುವವರು ಯಾರು? ಕಾಯಿ ಬಟಾಣಿ ಗಾತ್ರಕ್ಕೆ ಬಂದ ಮೇಲೆ ಆ ಬದಿಗೆ ವಾರಕ್ಕೊಮ್ಮೆ ನೀರು ಶುರು ಮಾಡಿ, ಅಲ್ಲಿಯವರೆಗೆ ಇಲ್ಲ. ಪೈಪು ತಿರುಗಿಸುವ ಕೆಲಸ ಅಳಿಯನಿಗೇ ವಹಿಸಿ, ಐಸ್ ಹೊತ್ತದ್ದಕ್ಕಿಂತ ಹಗುರ.